1908ರ ವೆಬ್ಬಿಂಗ್ ಭುಜ ಕೊಯ್ಯುತ್ತಿದ್ದರೆ ಸ್ಪಂಜು ಬೇಡ, ಪೌಚು ತುಂಬಿ

ಪ್ರಶ್ನೆ ಓದುತ್ತಲೇ ನನ್ನ ಭುಜ ನೆನಪಾಯಿತು. ಮೊದಲ ಮಹಾಯುದ್ಧದ ಬ್ರಿಟಿಷ್ ಕಾಲಾಳಿನ ವೇಷಕ್ಕೆಂದು 1908ರ ವೆಬ್ಬಿಂಗ್‌ನ (ಬೆಲ್ಟು, ಪಟ್ಟಿ, ಚೀಲಗಳ ದಪ್ಪ ನೇಯ್ಗೆಯ ಸೆಟ್ಟು) ನಕಲು ತರಿಸಿದ್ದೀರಿ, ದೊಡ್ಡ ಬೆನ್ನುಚೀಲ ಹೊತ್ತು ಅರ್ಧ ಗಂಟೆ ನಡೆದರೆ ಭುಜ ಕೊಯ್ಯುತ್ತದೆ, ಪಟ್ಟಿಯ ಕೆಳಗೆ ಸ್ಪಂಜು ಹೊಲಿಸಲೇ, ಚೀಲದ ತೂಕ ಇಳಿಸಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ಮುಂದುಗಡೆ ಇರಬೇಕಾದ ನಾಲ್ಕು ಕೆಜಿ ನಿಮ್ಮ ಮೈಮೇಲಿಲ್ಲ, ಅದಕ್ಕೇ ಈ ನೋವು.

ಪಣ ಕಟ್ಟಿ ಹೇಳುತ್ತೇನೆ, ತೋಟಾ ಇಡುವ ನಿಮ್ಮ ಹತ್ತು ಪೌಚುಗಳೂ ಖಾಲಿ ಇವೆ. ಇಲ್ಲವೇ ಫೋಟೊದಲ್ಲಿ ಉಬ್ಬಿ ಕಾಣಲೆಂದು ಥರ್ಮಾಕೋಲ್ ತುರುಕಿದ್ದೀರಿ. ಈ ವೇಷ ಕಟ್ಟುವವರಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ. ಬೆನ್ನುಚೀಲಕ್ಕೆ ಗ್ರೇಟ್‌ಕೋಟು, ಬಟ್ಟೆ ಎಲ್ಲ ಶ್ರದ್ಧೆಯಿಂದ ತುಂಬುತ್ತಾರೆ, ಮುಂದಿನ ಪೌಚುಗಳನ್ನು ಬರೀ ಅಲಂಕಾರ ಅಂದುಕೊಳ್ಳುತ್ತಾರೆ. ಆದರೆ ಇದರ ವಿನ್ಯಾಸವೇ ಕಾವಡಿಯ ಹಾಗೆ. ಬೆನ್ನುಚೀಲ ಹಿಂದಕ್ಕೆ ಎಳೆದಷ್ಟೂ ಮುಂದಿನ ತೋಟಾಗಳು ಕೆಳಕ್ಕೆ ಎಳೆಯಬೇಕು. ಎರಡನ್ನೂ ಜೋಡಿಸುವುದು ಭುಜದ ಮೇಲೆ ಹಾಯುವ ಎರಡು ಬ್ರೇಸ್ ಪಟ್ಟಿಗಳು. ಮುಂದೆ ತೂಕ ಇಲ್ಲದಿದ್ದರೆ ಬೆಲ್ಟು ಎದೆಯತ್ತ ಏರುತ್ತದೆ, ಚೀಲ ಸೊಂಟದ ಕಡೆ ಜಾರುತ್ತದೆ, ಪಟ್ಟಿ ಹಿಂದಕ್ಕೆ ಎಳೆದುಕೊಂಡು ಕತ್ತಿನ ಬುಡದಲ್ಲಿ ಅಂಚೂರಿ ನಿಲ್ಲುತ್ತದೆ. ಬೀಳದಿರಲೆಂದು ನೀವು ಮುಂದಕ್ಕೆ ಬಾಗುತ್ತೀರಿ, ಆಮೇಲೆ ಸೊಂಟವೂ ಹಿಡಿದುಕೊಳ್ಳುತ್ತದೆ. ಅಲ್ಲಿ ಸ್ಪಂಜು ಇಟ್ಟರೆ ಪಟ್ಟಿ ಇನ್ನಷ್ಟು ಜಾರುತ್ತದೆ, ಅಷ್ಟೇ. ಸರಿಯಾಗಿ ತುಂಬಿದ ಸೆಟ್ಟಾದರೆ ನಡೆಯುವಾಗ ಬೆಲ್ಟಿನ ಬಕಲ್ ಬಿಚ್ಚಿಟ್ಟರೂ ತೂಕ ಅಲುಗದೆ ನಿಲ್ಲುತ್ತದೆ.

ಲೆಕ್ಕ ನೋಡಿ. ಎಡಕ್ಕೆ ಐದು ಪೌಚು, ಬಲಕ್ಕೆ ಐದು. ಒಂದೊಂದರಲ್ಲಿ ಐದೈದು ತೋಟಾಗಳ ಮೂರು ಕ್ಲಿಪ್ಪು, ಅಂದರೆ ಒಟ್ಟು 150. ಪಾಯಿಂಟ್ 303 ತೋಟಾ ಒಂದಕ್ಕೆ ಸುಮಾರು 25 ಗ್ರಾಂ. ಕ್ಲಿಪ್ಪಿನ ತೂಕವೂ ಸೇರಿದರೆ ಪೌಚಿಗೆ 400 ಗ್ರಾಂ ದಾಟುತ್ತದೆ. ನೀವು ಪ್ರತಿ ಪೌಚಿಗೂ 400 ಗ್ರಾಂ ಕಬ್ಬಿಣದ ಪಟ್ಟಿಯ ತುಂಡುಗಳನ್ನು ದಪ್ಪ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಇಡಿ. ಮರಳು ಬೇಡ, ಅಷ್ಟು ತೂಕದ ಮರಳಿಗೆ ಪೌಚು ಸಾಲದು, ಮುಚ್ಚಳದ ಗುಂಡಿ ಕೂರುವುದಿಲ್ಲ. ಬಿಡಿ ಬೋಲ್ಟು, ನಟ್ಟು ಹಾಕಿದರೆ ಹೆಜ್ಜೆ ಹೆಜ್ಜೆಗೂ ಗಲಗಲ ಸದ್ದು.

ಅಳತೆ ಕೂರಿಸುವ ಕೆಲಸ ಪೌಚು ತುಂಬಿದ ಮೇಲೆ. ಖಾಲಿ ಸೆಟ್ಟಿಗೆ ಸರಿಹೊಂದಿದ ಬ್ರೇಸು ತುಂಬಿದಾಗ ಎರಡು ಬೆರಳಾದರೂ ಕೆಳಗಿಳಿಯುತ್ತದೆ. ಎಲ್ಲವನ್ನೂ ನೆಲದ ಮೇಲೆ ಹಾಸಿ, ಬ್ರೇಸಿನ ಹಿಂದಿನ ತುದಿಗಳನ್ನು ಬೆಲ್ಟಿಗೆ, ಮುಂದಿನವನ್ನು ಪೌಚುಗಳ ಮೇಲಿನ ಬಕಲಿಗೆ ಹಾಕಿ, ಇಡೀ ಸೆಟ್ಟನ್ನು ಕೋಟಿನ ಹಾಗೆ ತೊಡಿ. ಮೂರಿಂಚು ಅಗಲದ ಆ ಬೆಲ್ಟು ಹೊಕ್ಕುಳ ಮಟ್ಟದಲ್ಲಿರಬೇಕು. ಪ್ಯಾಂಟಿನ ಬೆಲ್ಟಿನ ಮೇಲೆ ಕೂರಿಸಿದರೆ ಮೊಣಕಾಲೂರಿದಾಗ ಪೌಚು ತೊಡೆಗೆ ಒತ್ತುತ್ತದೆ. ಬಲಗಡೆ ನೀರಿನ ಬಾಟಲಿ, ತುಂಬಿದ್ದೇ ಇರಲಿ, ಎರಡು ಪೈಂಟು ಅಂದರೆ ಒಂದು ಲೀಟರಿಗೂ ತುಸು ಹೆಚ್ಚು ಹಿಡಿಯುತ್ತದೆ. ಎಡಗಡೆ ಹ್ಯಾವರ್‌ಸ್ಯಾಕ್ ಎಂಬ ಸಣ್ಣ ಚೀಲ, ಬಯೊನೆಟ್. ಕಂದಕ ತೋಡುವ ಗುದ್ದಲಿಯ ತಲೆ ಹಿಂದೆ ತನ್ನ ಚೀಲದಲ್ಲಿ, ಅದರ ಕಾವು ಬಯೊನೆಟ್ಟಿನ ಒರೆಗೆ ಕಟ್ಟಿಕೊಂಡು. ಬೆನ್ನುಚೀಲ ಕೊನೆಗೆ. ಚೀಲದ ಮೇಲೆ ಅಡ್ಡಡ್ಡ ಹಾಯುವ ಪಟ್ಟಿಗಳನ್ನು ಬಿಗಿಯದೆ ಬಿಟ್ಟರೆ ಚೀಲ ಪ್ರತಿ ಹೆಜ್ಜೆಗೂ ಬೆನ್ನಿಗೆ ಗುದ್ದುತ್ತದೆ. ಭಾರದ್ದನ್ನು ಬೆನ್ನಿಗೆ ಅಂಟುವಂತೆ ಒಳಬದಿಗೆ ಹಾಕಿ.

ಇಷ್ಟೆಲ್ಲ ಹೇಳಿದೆ, ಆದರೆ ನೀವು ತೋರಿಸಹೊರಟಿರುವುದು ದಾಳಿಯ ದೃಶ್ಯವಾದರೆ ದೊಡ್ಡ ಬೆನ್ನುಚೀಲವೇ ತಪ್ಪು. ದಾಳಿಗೆ ಹೊರಡುವಾಗ ಅದನ್ನು ಹಿಂದೆ ಬಿಟ್ಟು, ಹ್ಯಾವರ್‌ಸ್ಯಾಕನ್ನು ಸೊಂಟದಿಂದ ತೆಗೆದು ಬೆನ್ನಿಗೆ ಹಾಕಿಕೊಳ್ಳುತ್ತಿದ್ದರು. ಹಾಗೆಂದು ಹಗುರವೇನೂ ಆಗಲಿಲ್ಲ. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ಕದನದಲ್ಲಿ ಹೆಚ್ಚುವರಿ ತೋಟಾ, ಎರಡು ಮಿಲ್ಸ್ ಬಾಂಬು (ಕೈಬಾಂಬು), ಖಾಲಿ ಮರಳುಚೀಲ, ಗ್ಯಾಸಿನ ಮುಸುಕು ಎಲ್ಲ ಸೇರಿ ಒಬ್ಬೊಬ್ಬನ ಮೇಲೆ ಸುಮಾರು 66 ಪೌಂಡು, ಅಂದರೆ 30 ಕೆಜಿ ಬಿತ್ತು. ಕಂದಕ ಹತ್ತುವುದೇ ಕಷ್ಟವಾಗಿತ್ತು, ನಿಧಾನ ನಡಿಗೆಗಿಂತ ಬೇಗ ಹೋಗಲು ಆಗುತ್ತಿರಲಿಲ್ಲ ಎಂದು ಬ್ರಿಟನ್ನಿನ ಅಧಿಕೃತ ಯುದ್ಧ ಇತಿಹಾಸವೇ ಬರೆದಿದೆ. ‘ಆ ಕಾಲದವರು ಗಟ್ಟಿಗರು, ಹೊತ್ತರು’ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಹೊರಲಾಗದೆ ಹೊತ್ತರು.

ಯಾವ ವರ್ಷ ಅಂತ ನೀವು ಬರೆದಿಲ್ಲ. 1914 ಆದರೆ ತಲೆಗೆ ಬಟ್ಟೆಯ ಟೋಪಿ ಸಾಕು, ಉಕ್ಕಿನ ಬ್ರೋಡಿ ಹೆಲ್ಮೆಟ್ ಬಂದದ್ದು 1915ರಲ್ಲಿ. ಎದೆಯ ಮೇಲೆ ಚೌಕದ ಚೀಲದಲ್ಲಿ ತೂಗುವ ಬಾಕ್ಸ್ ರೆಸ್ಪಿರೇಟರ್ ಎಂಬ ಗ್ಯಾಸಿನ ಮುಸುಕು 1916ರದು. ಕಂದಕದ ಗೋಡೆಗೆ ಒರಗಿದಾಗ ಎಡಗಡೆಯ ಪೌಚುಗಳ ಬಾಯಿ ತೆರೆದುಕೊಂಡು ತೋಟಾ ಉದುರುತ್ತಿದ್ದವು, ಹಾಗಾಗಿ ಆ ಬದಿಯ ಕೆಲವಕ್ಕೆ ಒಳಗೊಂದು ಪಟ್ಟಿ ಸೇರಿಸಿದರು. ನಿಮ್ಮ ನಕಲಿನಲ್ಲಿ ಆ ಪಟ್ಟಿ ಇದ್ದರೆ ಯುದ್ಧದ ಮೊದಲ ವಾರಗಳ ದೃಶ್ಯಕ್ಕೆ ಅದು ಹೊಂದುವುದಿಲ್ಲ. ಯುದ್ಧಮಂತ್ರಿ ಕಿಚನರ್ ಕಟ್ಟಿದ ಹೊಸ ಪಡೆಯವನ ವೇಷವಾದರೆ ವೆಬ್ಬಿಂಗ್ ಬಿಟ್ಟು 1914ರ ಚರ್ಮದ ಸೆಟ್ಟನ್ನೇ ನೋಡಿ. ನೇಯ್ಗೆಯ ಸೆಟ್ಟು ಸಾಕಷ್ಟು ತಯಾರಾಗದೆ ಅವರಲ್ಲಿ ಬಹಳ ಮಂದಿಗೆ ಚರ್ಮದ್ದನ್ನೇ ಕೊಟ್ಟಿದ್ದರು.