ಪುಟ್ಟ ವೈಡ್ ಲೆನ್ಸಿನ ಹುಚ್ಚು: ರೇಂಜ್‌ಫೈಂಡರ್ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಹತ್ತಿರ ಲೈಕಾ ಎಂ6 ರೇಂಜ್‌ಫೈಂಡರ್ ಫಿಲ್ಮ್ ಕ್ಯಾಮೆರಾ ಇದೆ. ಇಷ್ಟು ದಿನ 50 ಎಂಎಂ ಲೆನ್ಸ್ ಒಂದರಲ್ಲೇ ತೆಗೆಯುತ್ತಿದ್ದೆ. ಈಗ ಚಿಕ್ಕದೊಂದು 28 ಎಂಎಂ ವೈಡ್ (ಅಗಲ ನೋಟದ) ಲೆನ್ಸ್ ತಗೋಬೇಕು ಅಂತ ಆಸೆ. ಗೆಳೆಯರು ನಗುತ್ತಾರೆ. ‘ಎಫ್/2.8, ಎಫ್/4 ಅಂದ್ರೆ ಕತ್ತಲೆ ಲೆನ್ಸು, ಫೋನಲ್ಲೇ ಇದಕ್ಕಿಂತ ಅಗಲ ಬರುತ್ತಲ್ಲ’ ಅಂತಾರೆ. ಈ ಪುಟ್ಟ ವೈಡ್ ಲೆನ್ಸುಗಳಲ್ಲಿ ಅಂಥದ್ದೇನಿದೆ?

ಉತ್ತರ: ನಗಲಿ ಬಿಡಿ. ಎಫ್ ಪಕ್ಕದ ಅಂಕಿ ದೊಡ್ಡದಾದಷ್ಟೂ ಲೆನ್ಸಿನ ತೆರಪು (ಅಪರ್ಚರ್) ಕಿರಿದು, ಬೆಳಕು ಕಡಿಮೆ, ನಿಜ. ಬರೀ ಅಗಲ ಬೇಕಿದ್ದರೆ ಫೋನೇ ಸಾಕು, ಅದರಲ್ಲಿ ಅವರ ಮಾತು ಸರಿ. ಆದರೆ ಈ ಲೆನ್ಸು ಹಾಕಿದ ಮೇಲೆ ನಿಮ್ಮ ಕ್ಯಾಮೆರಾ ಎಷ್ಟು ಚುರುಕಾಗುತ್ತದೆ ಅನ್ನೋದು ಅವರಿಗೆ ಗೊತ್ತಿಲ್ಲ.

ಮೊದಲು ಫೈಂಡರ್ ವಿಷಯ. ಎಸ್‌ಎಲ್‌ಆರ್‌ನಲ್ಲಿ, ಅಂದ್ರೆ ಒಳಗೆ ಕನ್ನಡಿ ಇರುವ ಕ್ಯಾಮೆರಾದಲ್ಲಿ, ಲೆನ್ಸಿನ ಮೂಲಕವೇ ನೋಡುತ್ತೇವೆ. ರೇಂಜ್‌ಫೈಂಡರ್‌ನಲ್ಲಿ ಹಾಗಲ್ಲ, ಎಡ ಮೇಲ್ಮೂಲೆಯಲ್ಲಿರುವ ಕಿಟಕಿಯಿಂದ ನೋಡುತ್ತೇವೆ. ಲೆನ್ಸು ಆ ಕಿಟಕಿಗಿಂತ ಕೆಳಗೆ, ಬಲಕ್ಕೆ ಇರುತ್ತದೆ. ಅದು ಉದ್ದವಾದಷ್ಟೂ ದಪ್ಪವಾದಷ್ಟೂ ನೋಟದ ಬಲ ಕೆಳಮೂಲೆಗೆ ಅಡ್ಡ ಬರುತ್ತದೆ. ಚಿತ್ರದಲ್ಲಿ ಎಷ್ಟು ಬರುತ್ತದೆ ಅಂತ ತೋರಿಸುವ ಫ್ರೇಮ್ ಗೆರೆಗಳು 50ಕ್ಕೆ ನಡುವೆ ಇರುವುದರಿಂದ ಅಷ್ಟಾಗಿ ಗೊತ್ತಾಗಲ್ಲ. 28ರ ಗೆರೆಗಳು ಫೈಂಡರಿನ ಅಂಚಿಗೇ ಬಂದು ನಿಲ್ಲುತ್ತವೆ, ಹಾಗಾಗಿ ಅಲ್ಲಿ ದಪ್ಪ ಲೆನ್ಸು ಹಾಕಿ ಮೇಲೊಂದು ಹುಡ್ (ಬಿಸಿಲಿಗೆ ಮರೆ) ಸಿಕ್ಕಿಸಿದರೆ ಆ ಮೂಲೆಯಲ್ಲಿ ಯಾರ ಕಾಲಿದೆ, ಯಾವ ಚೀಲ ಬಿದ್ದಿದೆ ಅನ್ನೋದು ಫಿಲ್ಮು ತೊಳೆದ ಮೇಲೇ ಗೊತ್ತಾಗೋದು. ಫೋಕ್ಟ್‌ಲೆಂಡರ್ ಕಲರ್-ಸ್ಕೋಪಾರ್ 21 ಎಂಎಂ ಎಫ್/4 ನೋಡಿ, 136 ಗ್ರಾಂ ಅಷ್ಟೇ. 2016ರಲ್ಲಿ ಲೈಕಾ ಮತ್ತೆ ತಂದ ಸುಮ್ಮರಾನ್ 28 ಎಂಎಂ ಎಫ್/5.6 ಅಂತೂ ಮೌಂಟಿನಿಂದ (ಲೆನ್ಸು ಕ್ಯಾಮೆರಾಗೆ ಕೂರುವ ಬಾಯಿಯಿಂದ) ಬರೀ 18 ಎಂಎಂ ಮುಂದಕ್ಕೆ ಬರುತ್ತದೆ. ಇಂಥವು ಫೈಂಡರಿನ ದಾರಿಗೆ ಅಡ್ಡ ಬರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಎರಡನೇದು ಫೋಕಸ್. ನನ್ನ ಲೆಕ್ಕದಲ್ಲಿ ಇದೇ ಮುಖ್ಯ. 28ಕ್ಕೆ ಎಫ್/8 ಇಟ್ಟು, ಫೋಕಸ್ ರಿಂಗನ್ನು 2 ಮೀಟರಿಗೆ ತಂದು ಬಿಟ್ಟುಬಿಡಿ. ಸುಮಾರು ಒಂದೂಕಾಲು ಮೀಟರಿನಿಂದ 5 ಮೀಟರಿನವರೆಗೆ ಎಲ್ಲ ಸ್ಪಷ್ಟವಾಗೇ ಬರುತ್ತದೆ. ಇಬ್ಬರು ನಿಂತು ಮಾತಾಡುವ ದೂರದಿಂದ ಹಿಡಿದು ಒಂದು ದೊಡ್ಡ ಕೋಣೆಯ ಆಚೆ ಗೋಡೆಯವರೆಗೆ ಅಂದುಕೊಳ್ಳಿ. ಅದೇ 50ರಲ್ಲಿ, ಅದೇ ಎಫ್/8, ಅದೇ 2 ಮೀಟರ್ ಇಟ್ಟರೆ ಸಿಗೋದು 1.7ರಿಂದ ಎರಡೂವರೆ ಮೀಟರಿನ ಒಳಗೆ ಅಷ್ಟೇ. ವ್ಯತ್ಯಾಸ ನೋಡಿದಿರಲ್ಲ? 50ರಲ್ಲಿ ಪ್ರತಿ ಸಲ ಕ್ಯಾಮೆರಾ ಕಣ್ಣಿಗೆ ಹಿಡಿದು, ನಡುವಿನ ಆ ಸಣ್ಣ ಚೌಕದಲ್ಲಿ ಎರಡು ಬಿಂಬ ಸೇರಿಸಿ, ಆಮೇಲೆ ಒತ್ತಬೇಕು. ಅಷ್ಟರಲ್ಲಿ ಎದುರಿನವರು ನಗೋದು ನಿಲ್ಲಿಸಿರುತ್ತಾರೆ. 28ರಲ್ಲಿ ಫೋಕಸ್ ಮೊದಲೇ ಆಗಿಹೋಗಿದೆ, ನೀವು ಬರೀ ನೋಡಿ ಒತ್ತುವುದು.

ಇಂಥ ಲೆನ್ಸುಗಳ ಕೆಳಗೆ ಸಾಮಾನ್ಯವಾಗಿ ಬೆರಳಿಗೆ ಸಿಗುವ ಒಂದು ಪುಟ್ಟ ಕಿವಿ ಇರುತ್ತದೆ. ಅದನ್ನು ಎಡಗೈ ತೋರುಬೆರಳಿನ ತುದಿಯಲ್ಲಿ ಆಡಿಸುತ್ತಾ ಇದ್ದರೆ ಸ್ವಲ್ಪ ದಿನದಲ್ಲೇ ಕಿವಿ ಯಾವ ಕಡೆ ವಾಲಿದೆ ಅನ್ನೋದರಿಂದ ದೂರ ಎಷ್ಟು ಅಂತ ಗೊತ್ತಾಗುತ್ತದೆ, ಲೆನ್ಸಿನ ಕಡೆ ಬಗ್ಗಿ ನೋಡಬೇಕಾಗಿಯೇ ಇಲ್ಲ. ದೊಡ್ಡ ಲೆನ್ಸುಗಳಲ್ಲಿ ಈ ಸುಖ ಕಡಿಮೆ. ಅಲ್ಲಿ ರಿಂಗನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಬೇಕು, ಭಾರವೂ ಮುಂದಕ್ಕೆ ಎಳೆಯುತ್ತದೆ.

ಇನ್ನು ‘ಕತ್ತಲೆ ಲೆನ್ಸು’ ಅನ್ನೋ ಮಾತು. ನಿಮ್ಮ ಎಂ6ರ ಅತಿ ವೇಗದ ಶಟರ್ 1/1000 ಸೆಕೆಂಡ್. 400 ಐಎಸ್‌ಒ ಫಿಲ್ಮು ಹಾಕಿ ಚೆನ್ನಾದ ಬಿಸಿಲಿಗೆ ಹೋದರೆ ಎಫ್/16ಕ್ಕೆ 1/400 ಸುಮಾರು ಬೇಕು. ಅಂದ್ರೆ 1/1000ದಲ್ಲೂ ಎಫ್/11ರ ಆಸುಪಾಸಿನಲ್ಲೇ ಇರಬೇಕಾಗುತ್ತದೆ. ಅಲ್ಲಿ ಎಫ್/1.4 ಇದ್ದರೆಷ್ಟು, ಬಿಟ್ಟರೆಷ್ಟು? ಮೇಲೆ ಕಪ್ಪು ಫಿಲ್ಟರ್ ಹಾಕದೆ ಅದನ್ನು ತೆರೆಯೋಕೇ ಆಗಲ್ಲ. ಹಗಲು ಬೀದಿಯಲ್ಲಿ ತೆಗೆಯುವವರು ಆ ದಪ್ಪ ಗಾಜನ್ನು ಸುಮ್ನೆ ಹೊತ್ತು ತಿರುಗುತ್ತಾರೆ.

ಮನೆಯೊಳಗೆ, ರಾತ್ರಿಯಲ್ಲಿ ಮಾತ್ರ ನಿಮ್ಮ ಗೆಳೆಯರೇ ಗೆದ್ದರು. ಎಫ್/4 ಅಂದರೆ ಎಫ್/2ಕ್ಕಿಂತ ಎರಡು ಸ್ಟಾಪ್ ಕಡಿಮೆ, ನಾಲ್ಕನೇ ಒಂದು ಪಾಲು ಬೆಳಕು. ಕನ್ನಡಿ ಬಡಿಯುವ ಅದುರಾಟ ಇಲ್ಲದ್ದರಿಂದ 28ರಲ್ಲಿ 1/15ಕ್ಕೂ ಕೈಯಲ್ಲೇ ಹಿಡಿದು ತೆಗೆಯಬಹುದು. ಆದರೆ ಓಡಾಡುವ ಮಕ್ಕಳು 1/15ರಲ್ಲಿ ನಿಮಗಾಗಿ ನಿಲ್ಲಲ್ಲ. ಅಂಥ ಹೊತ್ತಿಗೆ ನಿಮ್ಮ 50 ಹೇಗೂ ಇದೆಯಲ್ಲ. ಅದಕ್ಕೇ ನಾನು ಹೇಳೋದು, ಈಗಾಗಲೇ ಒಂದು ದೊಡ್ಡ ಅಪರ್ಚರಿನ 50 ಇರುವವರಿಗೆ ಪುಟ್ಟ 28 ಒಳ್ಳೆ ಜೋಡಿ. ಒಂದೇ ಲೆನ್ಸಲ್ಲಿ ಜೀವನ ಮಾಡುವವರಾದರೆ ಬೇಡ, 35 ಎಂಎಂ ಎಫ್/2 ತಗೊಳ್ಳಿ.

ಪ್ರಶ್ನೆ: ಎಸ್‌ಎಲ್‌ಆರ್‌ನ ವೈಡ್ ಲೆನ್ಸುಗಳು ಯಾಕೆ ಅಷ್ಟು ದಪ್ಪ, ಇವು ಯಾಕೆ ಇಷ್ಟು ಸಣ್ಣ? ಗಾಜಲ್ಲಿ ಏನಾದರೂ ಉಳಿಸಿದ್ದಾರಾ?

ಉತ್ತರ: ಉಳಿಸಿದ್ದು ಗಾಜನ್ನಲ್ಲ, ಕನ್ನಡಿಯನ್ನು. ಎಸ್‌ಎಲ್‌ಆರ್‌ನಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿ ಏಳುತ್ತಾ ಇಳಿಯುತ್ತಾ ಇರಬೇಕು. ಅದಕ್ಕೇ ನಿಕಾನ್ ಎಫ್ ಮೌಂಟಿನಲ್ಲಿ ಮೌಂಟಿನಿಂದ ಫಿಲ್ಮಿಗೆ 46.5 ಎಂಎಂ ದೂರ ಇಟ್ಟಿದ್ದಾರೆ. ಲೈಕಾ ಎಂ ಮೌಂಟಿನಲ್ಲಿ ಅದು 27.8 ಎಂಎಂ. ಈಗ 21 ಎಂಎಂ ಲೆನ್ಸು ಅಂದರೆ, ಸರಳವಾಗಿ ಕಟ್ಟಿದರೆ, ಅದರ ಗಾಜು ಫಿಲ್ಮಿಗೆ ತೀರಾ ಹತ್ತಿರ ಬಂದು ಕೂರಬೇಕು. ಎಸ್‌ಎಲ್‌ಆರ್‌ನಲ್ಲಿ ಅಲ್ಲಿ ಜಾಗವೇ ಇಲ್ಲ. ಹಾಗಾಗಿ ಮುಂದೆ ಒಂದು ದೊಡ್ಡ ಚದುರಿಸುವ ಗಾಜು ಇಟ್ಟು, ಹಿಂದೆ ಅದನ್ನೆಲ್ಲ ಸರಿಪಡಿಸೋಕೆ ಇನ್ನಷ್ಟು ಗಾಜು ಸೇರಿಸಿ, ಬಿಂಬವನ್ನು ಹಿಂದಕ್ಕೆ ತಳ್ಳುತ್ತಾರೆ. ಇದಕ್ಕೆ ರೆಟ್ರೋಫೋಕಸ್ ಅನ್ನೋ ಹೆಸರು ಬಂದಿದ್ದು ಫ್ರಾನ್ಸಿನ ಆಂಜೆನ್ಯೂ ಕಂಪನಿ 1950ರಲ್ಲಿ ತಂದ 35 ಎಂಎಂ ಲೆನ್ಸಿನಿಂದ.

ರೇಂಜ್‌ಫೈಂಡರ್‌ನಲ್ಲಿ ಆ ಸರ್ಕಸ್ ಬೇಕಿಲ್ಲ. ಅಪರ್ಚರಿನ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ತರಹದ ಗಾಜು ಇಟ್ಟರೆ ಆಯಿತು. ಇಂಥ ಜೋಡಣೆಯ ದೊಡ್ಡ ಲಾಭ ಅಂದರೆ ಗೆರೆಗಳು ಬಾಗಲ್ಲ, ಕಟ್ಟಡದ ಅಂಚು ನೆಟ್ಟಗೇ ಬರುತ್ತದೆ. ಲುಡ್ವಿಗ್ ಬರ್ಟೆಲೆ ಜೈಸ್‌ಗೆ ಮಾಡಿಕೊಟ್ಟ 21 ಎಂಎಂ ಬಯೋಗಾನ್ ಈ ಜಾತಿಯಲ್ಲಿ ಹೆಸರಾಂತದ್ದು. ಒಂದು ತಮಾಷೆ ಕೇಳಿ: ನಿಕಾನ್ ಎಫ್‌ಗೆ ಮೊದಮೊದಲು ಬಂದ 21 ಎಂಎಂ ಎಫ್/4 ಕೂಡ ಈ ತರಹದ್ದೇ. ಅದನ್ನು ಹಾಕಬೇಕಾದರೆ ಕನ್ನಡಿಯನ್ನು ಮೇಲೆತ್ತಿ ಕಟ್ಟಿಹಾಕಬೇಕಿತ್ತು, ಮೇಲೊಂದು ಬೇರೆ ಫೈಂಡರ್ ಇಟ್ಟು ನೋಡಬೇಕಿತ್ತು. ಕನ್ನಡಿ ಕ್ಯಾಮೆರಾ ಕೊಂಡು ಕನ್ನಡಿಯನ್ನೇ ಪಕ್ಕಕ್ಕಿಟ್ಟು ತೆಗೆದ ಹಾಗಾಯ್ತು, ಅಲ್ವಾ?

ಪ್ರಶ್ನೆ: ಕನ್ನಡಕ ಹಾಕುತ್ತೇನೆ. 28 ತಗೊಳ್ಳಲೋ 21 ತಗೊಳ್ಳಲೋ?

ಉತ್ತರ: ಕನ್ನಡಕ ಇದ್ದರೆ 0.72 ಪಟ್ಟು ತೋರಿಸುವ ಫೈಂಡರಿನಲ್ಲಿ 28ರ ಗೆರೆಗಳನ್ನು ನಾಲ್ಕೂ ಕಡೆ ಒಟ್ಟಿಗೆ ನೋಡೋದು ಕಷ್ಟ. ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಬೇಕು. 0.58 ಫೈಂಡರಿನ ಬಾಡಿ ಸಿಕ್ಕರೆ ಸರಾಗ. ಇಲ್ಲದಿದ್ದರೆ ಮೇಲೆ ಸಿಕ್ಕಿಸುವ ಬಿಡಿ ಫೈಂಡರ್ ತಗೊಳ್ಳಿ. 21ಕ್ಕಂತೂ ಲೈಕಾ ಫೈಂಡರಿನಲ್ಲಿ ಗೆರೆಯೇ ಇಲ್ಲ, ಅದಕ್ಕೆ ಬಿಡಿ ಫೈಂಡರ್ ಬೇಕೇ ಬೇಕು.

ಬಿಡಿ ಫೈಂಡರ್ ಅಂದರೆ ಕೆಲವರು ಮೂಗು ಮುರಿಯುತ್ತಾರೆ. ನನಗೆ ಇಷ್ಟ. ನೋಟ ದೊಡ್ಡದಾಗಿ, ತಿಳಿಯಾಗಿ ಕಾಣುತ್ತದೆ, ಲೆನ್ಸು ಎಲ್ಲೂ ಅಡ್ಡ ಬರಲ್ಲ. ಫೋಕಸ್ ಮಾಡೋಕೆ ಕೆಳಗಿನ ಕಿಟಕಿಗೆ, ಫ್ರೇಮ್ ಮಾಡೋಕೆ ಮೇಲಿನ ಕಿಟಕಿಗೆ ಅಂತ ಕಣ್ಣು ಓಡಾಡಬೇಕು ಅನ್ನೋದು ದೂರು. ಆದರೆ 21ಕ್ಕೆ ಎಫ್/8ರಲ್ಲಿ 1.85 ಮೀಟರಿಗೆ ಇಟ್ಟರೆ ಒಂದು ಮೀಟರಿಗಿಂತ ಒಳಗಿನಿಂದ ಶುರುವಾಗಿ ಕಣ್ಣು ಹೋದಷ್ಟು ದೂರ ಎಲ್ಲ ಫೋಕಸ್ ಆಗಿರುತ್ತದೆ. ಕೆಳಗಿನ ಕಿಟಕಿಗೆ ಹೋಗುವ ಕೆಲಸವೇ ಬರಲ್ಲ. ಒಂದೇ ಎಚ್ಚರಿಕೆ: ಬಿಡಿ ಫೈಂಡರು ಲೆನ್ಸಿಗಿಂತ ಸಾಕಷ್ಟು ಮೇಲಿದೆ. ಹತ್ತಿರದವರನ್ನು ತೆಗೆಯುವಾಗ ಫೈಂಡರಿನಲ್ಲಿ ಕಂಡ ತಲೆ ಫಿಲ್ಮಿನಲ್ಲಿ ಕತ್ತರಿಸಿಹೋಗಬಹುದು. ಮೇಲೆ ಸ್ವಲ್ಪ ಜಾಗ ಬಿಡಿ.

ಹಾಗಂತ ಮೊದಲ ವೈಡ್ ಲೆನ್ಸಾಗಿ 21 ಬೇಡ. 28ರ ನೋಟ ಮೂಲೆಯಿಂದ ಮೂಲೆಗೆ 75 ಡಿಗ್ರಿ, 21ರದ್ದು 90 ದಾಟುತ್ತದೆ. ಅಷ್ಟು ಅಗಲದಲ್ಲಿ ಬೇಡದ್ದೇ ಜಾಸ್ತಿ ಬಂದು ತುಂಬಿಕೊಳ್ಳುತ್ತದೆ, ಹತ್ತಿರ ಹೋಗುವ ಧೈರ್ಯ ಇಲ್ಲದವರ ಕೈಯಲ್ಲಿ ಬರೀ ರಸ್ತೆ ಮತ್ತು ಆಕಾಶ.

ಪ್ರಶ್ನೆ: ಗುಂಪು ಚಿತ್ರದಲ್ಲಿ ಅಂಚಿನಲ್ಲಿ ನಿಂತವರ ಮುಖ ಕುಂಬಳಕಾಯಿ ಆಗುತ್ತದೆ. ಲೆನ್ಸು ಕೆಟ್ಟಿದೆಯಾ?

ಉತ್ತರ: ಇಲ್ಲ. ಗೆರೆಗಳನ್ನು ನೆಟ್ಟಗೆ ಇಡಬೇಕು ಅಂದರೆ ಅಂಚಿನಲ್ಲಿ ದುಂಡಗಿನದ್ದು ಎಳೆದುಕೊಳ್ಳಲೇಬೇಕು. ಅದು ಜ್ಯಾಮಿತಿ, ಎಷ್ಟು ದುಡ್ಡು ಕೊಟ್ಟರೂ ತಪ್ಪಲ್ಲ. ಜನರನ್ನು ನಡುವೆ ನಿಲ್ಲಿಸಿ, ಅಂಚಿಗೆ ಗೋಡೆ ಬಿಡಿ.

ಪ್ರಶ್ನೆ: ಫಿಲ್ಮಿನಲ್ಲಿ ಚೆನ್ನಾಗಿದ್ದ 21 ಎಂಎಂ ಎಫ್/4 ಅನ್ನು ಅಡಾಪ್ಟರ್ ಹಾಕಿ ಮಿರರ್‌ಲೆಸ್ ಡಿಜಿಟಲ್ ಕ್ಯಾಮೆರಾಗೆ ಹಾಕಿದೆ. ಮೂಲೆಗಳು ಮಸುಕು, ಅಂಚಿನಲ್ಲಿ ಗುಲಾಬಿ ಬಣ್ಣ. ಯಾಕೆ?

ಉತ್ತರ: ಲೆನ್ಸು ಸಣ್ಣದಾಗಿದ್ದಕ್ಕೆ ಕೊಡಬೇಕಾದ ಬೆಲೆ ಇದೇ. ಇದರ ಹಿಂಭಾಗದ ಗಾಜು ಫಿಲ್ಮಿನ ಹತ್ತಿರ ಇರುವುದರಿಂದ ಮೂಲೆಗೆ ಬೆಳಕು ತುಂಬಾ ಓರೆಯಾಗಿ ಹೋಗಿ ಬೀಳುತ್ತದೆ. ಫಿಲ್ಮು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲ್ಲ. ಸೆನ್ಸರ್ ಕೆಡಿಸಿಕೊಳ್ಳುತ್ತದೆ. ಅದರ ಮೇಲೆ ಒಂದು ರಕ್ಷಣೆಯ ಗಾಜಿನ ಪದರ ಇದೆ, ಓರೆ ಬೆಳಕು ಅದನ್ನು ದಾಟುವಾಗ ಹರಡಿಕೊಂಡು ಮೂಲೆ ಮಸುಕಾಗುತ್ತದೆ. ಬಣ್ಣದ ಸಮಸ್ಯೆ ಇನ್ನೂ ಒಳಗಿನದು, ಒಂದು ಪಿಕ್ಸೆಲ್ಲಿಗೆ ಬರಬೇಕಾದ ಬೆಳಕು ಪಕ್ಕದ ಪಿಕ್ಸೆಲ್ಲಿಗೂ ಸೋರುತ್ತದೆ. ಲೈಕಾದ ಡಿಜಿಟಲ್ ಎಂ ಬಾಡಿಗಳಲ್ಲಿ ಈ ಪದರ ತೆಳು, ಅಂಚಿನ ಮೈಕ್ರೋಲೆನ್ಸುಗಳನ್ನೂ (ಪಿಕ್ಸೆಲ್ಲುಗಳ ಮೇಲಿನ ಪುಟ್ಟ ಲೆನ್ಸುಗಳನ್ನು) ಸರಿಸಿಟ್ಟಿದ್ದಾರೆ. ಅದಕ್ಕೇ ಅಲ್ಲಿ ತೊಂದರೆ ಕಡಿಮೆ, ಪೂರ್ತಿ ಇಲ್ಲ ಅಂತಲ್ಲ.

ಬಣ್ಣವನ್ನು ಸಾಫ್ಟ್‌ವೇರಿನಲ್ಲಿ ತೆಗೆಯಬಹುದು. ಒಂದು ಬಿಳಿ ಅಕ್ರಿಲಿಕ್ ಹಾಳೆಯನ್ನು ಲೆನ್ಸಿಗೆ ಅಡ್ಡ ಹಿಡಿದು ಅದೇ ಅಪರ್ಚರಿನಲ್ಲಿ ಒಂದು ಚಿತ್ರ ತೆಗೆದು, ಅದನ್ನು ಅಳತೆಯಾಗಿ ಇಟ್ಟುಕೊಂಡು ಉಳಿದವನ್ನು ಸರಿ ಮಾಡಿ. ಕಪ್ಪು ಬಿಳುಪು ಮಾಡಿಬಿಟ್ಟರೆ ಅದೂ ಬೇಡ. ಮಸುಕಿಗೆ ಮಾತ್ರ ಮದ್ದಿಲ್ಲ, ಅಪರ್ಚರ್ ಕಿರಿದು ಮಾಡಿದರೆ ಒಂಚೂರು ಕಡಿಮೆಯಾಗುತ್ತದೆ ಅಷ್ಟೇ. ಡಿಜಿಟಲ್ಲಿಗೇ ಹಾಕುವುದಾದರೆ ಈಚಿನ ಲೆನ್ಸು ನೋಡಿ. ಫೋಕ್ಟ್‌ಲೆಂಡರ್‌ನವರು ತಮ್ಮ 15 ಎಂಎಂ ಹೆಲಿಯಾರನ್ನು ಮೂರನೇ ಆವೃತ್ತಿಯಲ್ಲಿ ಇದಕ್ಕೆಂದೇ ಹೊಸದಾಗಿ ಕಟ್ಟಿದರು. ಬಣ್ಣ ಸರಿಹೋಯಿತು, ಆದರೆ ಲೆನ್ಸು ದಪ್ಪವಾಯಿತು.

ಮೂಲೆ ಕಪ್ಪಾಗುವುದು ಬೇರೆ ವಿಷಯ, ಅದು ಫಿಲ್ಮಿನಲ್ಲೂ ಇರುತ್ತದೆ. ಸರಳ ಲೆಕ್ಕದಲ್ಲಿ 21ರ ಮೂಲೆಗೆ ನಡುವಿನ ಕಾಲು ಭಾಗದಷ್ಟೇ ಬೆಳಕು ತಲುಪೋದು. ನನಗಂತೂ ಅದು ಚೆಂದವೇ.

ಪ್ರಶ್ನೆ: ಹುಡ್ ಬೇಕಾ?

ಉತ್ತರ: ಪುಟ್ಟ ಲೆನ್ಸು ತಗೊಂಡು ದೊಡ್ಡ ಹುಡ್ ಹಾಕಿದರೆ ಬಂದ ಲಾಭವೆಲ್ಲ ಹೋಯಿತು. ಸೂರ್ಯ ಎದುರಿಗೆ ಬಂದಾಗ ಕೈ ಅಡ್ಡ ಹಿಡಿಯಿರಿ, ಆದರೆ ಬೆರಳು ಫ್ರೇಮಿನೊಳಗೆ ಬಂದರೆ ಫೈಂಡರಿನಲ್ಲಿ ಗೊತ್ತಾಗಲ್ಲ ಅನ್ನೋದು ನೆನಪಿರಲಿ.

ಪ್ರಶ್ನೆ: ಹಳೇ ಸ್ಕ್ರೂ ಮೌಂಟಿನ 28 ಸಿಕ್ಕಿದೆ. ಎಂ6ಗೆ ಹಾಕಬಹುದಾ? ಕೊಳ್ಳುವ ಮುಂಚೆ ಏನು ನೋಡಲಿ?

ಉತ್ತರ: ಹಾಕಬಹುದು. ಸ್ಕ್ರೂ ಮೌಂಟಿನ ದೂರ 28.8 ಎಂಎಂ, ಎಂ ಮೌಂಟಿನದ್ದು 27.8. ಆ 1 ಎಂಎಂ ದಪ್ಪದ ಅಡಾಪ್ಟರ್ ಸಿಗುತ್ತದೆ. ಆದರೆ ಕೇಳಿ ತಗೊಳ್ಳಿ, ಫೈಂಡರಿನಲ್ಲಿ ಗೆರೆಗಳು ಜೋಡಿ ಜೋಡಿಯಾಗಿ ಬರುತ್ತವೆ: 28-90ರ ಗೆರೆ ತರುವ ಅಡಾಪ್ಟರೇ ಬೇರೆ, 35-135ರದ್ದು ಬೇರೆ, 50-75ರದ್ದು ಬೇರೆ. ತಪ್ಪು ಅಡಾಪ್ಟರ್ ಹಾಕಿದರೆ ಫೋಕಸ್ ಸರಿ ಇರುತ್ತದೆ, ಫೈಂಡರಿನಲ್ಲಿ ಬೇರೆ ಗೆರೆ ಬಂದು ಕೂರುತ್ತದೆ.

ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಸಣ್ಣ ಧೂಳಿನ ಕಣಗಳಿದ್ದರೆ ಚಿಂತೆ ಇಲ್ಲ. ಮಂಜು ಕವಿದ ಹಾಗೆ ಕಂಡರೆ, ಇಲ್ಲವೇ ಬಲೆಯಂಥ ಎಳೆಗಳು ಕಂಡರೆ ಬಿಟ್ಟುಬಿಡಿ, ಆ ಎಳೆಗಳು ಬೂಷ್ಟು. ಮಿನೋಲ್ಟಾ ಸಿಎಲ್‌ಇ ಜೊತೆ ಬರುತ್ತಿದ್ದ 28 ಎಂಎಂ ಎಂ-ರೋಕ್ಕಾರ್ ಆದರೆ ಗಾಜಿನೊಳಗೆ ಬಿಳಿ ಚುಕ್ಕಿಗಳಿವೆಯಾ ಅಂತ ವಿಶೇಷವಾಗಿ ನೋಡಿ, ಅದಕ್ಕೆ ಆ ಕಾಯಿಲೆ ಪ್ರಸಿದ್ಧ. ಸೋವಿಯೆತ್ ಕಾಲದ ಜುಪಿಟರ್-12 ಕೂಡ ಯಾರಾದರೂ ತೋರಿಸಿದರೆ, ಅದು 35 ಎಂಎಂ, ಹಿಂದಿನ ಗಾಜು ಉಬ್ಬಿ ಕ್ಯಾಮೆರಾದೊಳಗೆ ತುಂಬಾ ದೂರ ಇಳಿಯುತ್ತದೆ. ಒಳಗೆ ಎಲ್ಲಿಗಾದರೂ ತಗಲುತ್ತದಾ ಅಂತ ನಿಧಾನವಾಗಿ, ಬಲ ಹಾಕದೆ ತಿರುಗಿಸಿ ನೋಡಿ. ಕೊನೆಗೆ ಫೋಕಸನ್ನು ಅನಂತಕ್ಕೆ ತಂದು, ದೂರದ ಒಂದು ಕಂಬವನ್ನು ಫೈಂಡರಿನ ಚೌಕದಲ್ಲಿ ನೋಡಿ. ಎರಡು ಬಿಂಬ ಸರಿಯಾಗಿ ಒಂದರ ಮೇಲೊಂದು ಕೂತರೆ ತಗೊಳ್ಳಿ. ಕೂರದಿದ್ದರೆ ನಿಮ್ಮ 50 ಹಾಕಿ ಅದೇ ಕಂಬ ನೋಡಿ. ಅದೂ ಕೂರದಿದ್ದರೆ ತಪ್ಪು ಲೆನ್ಸಿನದ್ದಲ್ಲ, ಬಾಡಿಯನ್ನು ರಿಪೇರಿಗೆ ಕೊಡಬೇಕು.