ಅಡುಗೆಮನೆ ಜಿರಲೆ ಮೀನಿಗೆ ಹಾಕಬಹುದಾ?

ಪ್ರಶ್ನೆ: ಮನೆಯಲ್ಲಿ ಸಿಲ್ವರ್ ಅರೋವಾನ ಮೀನಿದೆ. ರಾತ್ರಿ ಅಡುಗೆಮನೆಯಲ್ಲಿ ಸಿಗುವ ಜಿರಲೆ ಹಿಡಿದು ಹಾಕಿದರೆ ಗಬಕ್ಕನೆ ನುಂಗುತ್ತದೆ. ಹೀಗೆ ಹಾಕಬಹುದಾ? ಇಲ್ಲ, ಡುಬಿಯಾ ಜಿರಲೆ ತರಿಸಿ ಸಾಕಲಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಹಾಕಬೇಡಿ. ಜಿರಲೆ ಗಲೀಜು ಅಂತಲ್ಲ. ಅರೋವಾನಕ್ಕೆ ಅದು ಒಳ್ಳೆಯ ಊಟವೇ, ತನ್ನ ನದಿಯಲ್ಲೂ ಅದು ನೀರಿನ ಮೇಲೆ ಬಿದ್ದ ಕೀಟಗಳನ್ನು ಹಾರಿ ಹಿಡಿಯುವ ಮೀನು. ತೊಂದರೆ ಇರುವುದು ಆ ಜಿರಲೆ ನಿಮ್ಮ ಕೈಗೆ ಸಿಗುವ ಮೊದಲು ಏನು ತಿಂದಿತ್ತು ಅನ್ನುವುದರಲ್ಲಿ. ನಮ್ಮ ಮನೆಯಲ್ಲಿ ಔಷಧಿ ಇಟ್ಟಿಲ್ಲ ಅಂತ ನೀವು ಹೇಳಬಹುದು. ಪಕ್ಕದ ಮನೆಯವರು ಸಿಂಕ್ ಕೆಳಗೆ ಜೆಲ್ ಹಚ್ಚಿರಬಹುದಲ್ಲ, ಮೋರಿ ಎಲ್ಲರಿಗೂ ಒಂದೇ ಅಲ್ವಾ. ಜೆಲ್‌ಗಳಲ್ಲಿ ಬರುವ ಫಿಪ್ರೊನಿಲ್ ಥರದ ವಿಷ ಜಿರಲೆಯನ್ನು ನಿಂತ ಜಾಗದಲ್ಲೇ ಕೊಲ್ಲುವುದಿಲ್ಲ. ಬೇಕಂತಲೇ ಹಾಗೆ ಮಾಡಿರುತ್ತಾರೆ, ತಿಂದದ್ದು ಸಂದಿಗೆ ವಾಪಸ್ ಹೋಗಿ ಸತ್ತು, ಅದರ ಹಿಕ್ಕೆ, ಹೆಣ ತಿಂದ ಉಳಿದವೂ ಸಾಯಲಿ ಅಂತ. ಈ ವಿಷ ಮೀನಿಗೂ ತುಂಬಾ ಕೆಟ್ಟದ್ದು. ಅದರಲ್ಲೂ ಮಂಕಾಗಿ ಓಡಾಡುತ್ತಾ ಸುಲಭಕ್ಕೆ ಸಿಕ್ಕಿಬಿಡುವ ಜಿರಲೆಯ ಮೇಲೇ ನನಗೆ ಜಾಸ್ತಿ ಅನುಮಾನ. ಗಟ್ಟಿಮುಟ್ಟಾಗಿರುವುದು ಅಷ್ಟು ಬೇಗ ಕೈಗೆ ಸಿಗುವ ಪ್ರಾಣಿ ಅಲ್ಲ.

ಇನ್ನು ಡುಬಿಯಾ. ಅದು ದಕ್ಷಿಣ ಅಮೆರಿಕದ ಜಿರಲೆ. ಗಂಡಿಗೆ ಪೂರ್ತಿ ರೆಕ್ಕೆ, ಹೆಣ್ಣಿಗೆ ಬರೀ ಮೋಟು ರೆಕ್ಕೆ, ಮೊಟ್ಟೆ ಇಡದೆ ಮರಿಯನ್ನೇ ಹಾಕುತ್ತದೆ, ನುಣುಪಾದ ಗಾಜಿನ ಗೋಡೆ ಹತ್ತಲಾರದು. ಡುಬಿಯಾ ಅಂತ ಕೊಂಡದ್ದು ಗಾಜಿನ ಮೇಲೆ ಸರಸರ ಹತ್ತಿದರೆ ಅದು ಡುಬಿಯಾ ಅಲ್ಲ, ಮುಚ್ಚಳ ಬಿಗಿ ಮಾಡಿ. ಸಾಕಲು ಸುಲಭ, ನಿಜ. ಆದರೆ ಹೊರದೇಶದಿಂದ ಜೀವಂತ ಕೀಟ ತರಿಸಲು ಸರ್ಕಾರದ ಅನುಮತಿ ಬೇಕು, ಕೊರಿಯರ್ ಡಬ್ಬದಲ್ಲಿ ಬರುವವಕ್ಕೆ ಅಂಥ ಕಾಗದ ಇದೆಯಾ ಅಂತ ಕೇಳಿ ನೋಡಿ. ಸಾಕುವುದಾದರೆ ಇನ್ನೊಂದು ಮಾತು. ಯಾವ ಜಿರಲೆಯೇ ಆಗಲಿ, ಅದರ ಹಿಕ್ಕೆ ಮತ್ತು ಪೊರೆಯ ಪುಡಿ ಉಬ್ಬಸ ಇರುವವರಿಗೆ ಆಗುವುದಿಲ್ಲ.

ನನ್ನ ಕೇಳಿದರೆ ಚಿಮ್ಮಂಡೆ ಸಾಕಿ. ಎತ್ತರದ ಪ್ಲಾಸ್ಟಿಕ್ ಡಬ್ಬಿ, ಮೊಟ್ಟೆ ಅಂಗಡಿಯ ಹಳೇ ಟ್ರೇ, ಗೋಧಿ ಬೂಸಾ, ಕ್ಯಾರೆಟ್ ಚೂರು ಸಾಕು. ನೀರನ್ನು ಬಟ್ಟಲಲ್ಲಿ ಇಟ್ಟರೆ ಮರಿಗಳು ಬಿದ್ದು ಸಾಯುತ್ತವೆ, ಒದ್ದೆ ಹತ್ತಿ ಇಡಿ. ಒಂದು ಚಿಕ್ಕ ಡಬ್ಬಿಯಲ್ಲಿ ಒದ್ದೆ ತೆಂಗಿನ ನಾರಿನ ಪುಡಿ ತುಂಬಿ ಒಳಗಿಟ್ಟರೆ, ಹಿಂದೆ ಸೂಜಿ ಥರ ಚಾಚಿಕೊಂಡಿರುವ ಹೆಣ್ಣುಗಳು ಆ ಸೂಜಿಯನ್ನು ಅದರೊಳಗೆ ಚುಚ್ಚಿ ಮೊಟ್ಟೆ ಇಡುತ್ತವೆ. ಡಬ್ಬಿಯನ್ನು ಮಲಗುವ ಕೋಣೆಯಿಂದ ದೂರ ಇಡಿ, ಗಂಡುಗಳು ರಾತ್ರಿಯಿಡೀ ಕೂಗುತ್ತವೆ.

ಪ್ರಶ್ನೆ: ತೋಟದ ತರಗೆಲೆ ಕೆದಕಿದಾಗ ಕಪ್ಪು ಮೈ, ಬಿಳಿ ಚುಕ್ಕೆಯ ಹುಳ ಸಿಕ್ಕಿತು. ದುಂಬಿ ಇರಬೇಕು ಅಂತ ಮಗಳು ಡಬ್ಬಿಗೆ ಹಾಕಿಕೊಂಡಿದ್ದಾಳೆ. ಸಾಕಬಹುದಾ? ಫೋಟೊ ಕಳಿಸಿದ್ದೇವೆ.
– ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಮಗಳಿಗೆ ಹೇಳಿ, ಅದು ಜಿರಲೆ! ಬೆಚ್ಚಿ ಬೀಳಬೇಡಿ, ಇದು ಮನೆಗೆ ನುಗ್ಗುವ ಜಾತಿಯಲ್ಲ. ಥೀರಿಯಾ ಪೆಟಿವೆರಿಯಾನ ಅಂತ ಹೆಸರು, ದಕ್ಷಿಣ ಭಾರತದ ಕುರುಚಲು ಕಾಡಿನದ್ದು. ಡೊಮಿನೊ ಆಟದ ಚುಕ್ಕೆ ಬಿಲ್ಲೆಯ ಥರ ಏಳು ಚುಕ್ಕೆ ಕಾಣುವುದರಿಂದ ಹೊರದೇಶದವರು ಡೊಮಿನೊ ಜಿರಲೆ ಅನ್ನುತ್ತಾರೆ, ದುಡ್ಡು ಕೊಟ್ಟು ಸಾಕುತ್ತಾರೆ ಕೂಡ. ನಿಮ್ಮ ತರಗೆಲೆಯಲ್ಲಿ ಸುಮ್ನೆ ಓಡಾಡಿಕೊಂಡಿದೆ ನೋಡಿ.

ಫೋಟೊ ದೊಡ್ಡದು ಮಾಡಿ ಬೆನ್ನನ್ನು ನೋಡಿ. ದುಂಬಿಯ ಎರಡು ಗಟ್ಟಿ ರೆಕ್ಕೆಗಳು ಬೆನ್ನಿನ ನಡುವೆ ಗೆರೆ ಎಳೆದಂತೆ ನೇರವಾಗಿ ಸೇರುತ್ತವೆ. ಇದರಲ್ಲಿ ಒಂದು ರೆಕ್ಕೆ ಇನ್ನೊಂದರ ಮೇಲೆ ಹತ್ತಿ ಕೂತಿದೆ, ಚುಕ್ಕೆಗಳು ಎರಡೂ ಕಡೆ ಸಮ ಇಲ್ಲ. ಜಿರಲೆಯ ಗುರುತು ಅದೇ. ನಮ್ಮ ಕಡೆ ಬಿಳಿ ಚುಕ್ಕೆಯ ಕಪ್ಪು ನೆಲದುಂಬಿ ಒಂದಿದೆ, ಅದು ಕೈಗೆ ಉರಿಯುವ ರಸ ಚಿಮ್ಮಿಸುತ್ತದೆ. ಅದರ ವೇಷ ಹಾಕಿಕೊಂಡು ಈ ಬಡಪಾಯಿ ಹಕ್ಕಿಗಳಿಂದ ತಪ್ಪಿಸಿಕೊಳ್ಳುತ್ತದೆ ಅನ್ನುತ್ತಾರೆ.

ಸಾಕಬಹುದು. ಡಬ್ಬಿಯಲ್ಲಿ ಒಂದು ಗೇಣಿನಷ್ಟು ಮಣ್ಣು, ಮೇಲೆ ಒಣ ತರಗೆಲೆ, ಒಂದು ಮೂಲೆ ಮಾತ್ರ ತೇವ. ಮರಿಗಳು ಮಣ್ಣಿನೊಳಗೇ ಇರುತ್ತವೆ, ದೊಡ್ಡದಾಗಲು ತಿಂಗಳುಗಟ್ಟಲೆ ಬೇಕು, ಹಾಗಾಗಿ ಏನೂ ಕಾಣುತ್ತಿಲ್ಲ ಅಂತ ದಿನಾ ಮಣ್ಣು ಕೆದಕಬಾರದು. ತೋಟದ್ದಾದ್ದರಿಂದ ಸರಿ. ಮೇಲುಕೋಟೆ ವನ್ಯಜೀವಿ ಧಾಮದ ಒಳಗಿಂದ ಮಾತ್ರ ಏನನ್ನೂ ಹಿಡಿದು ತರಬೇಡಿ, ಅಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ.

ಪ್ರಶ್ನೆ: ಬಚ್ಚಲಲ್ಲಿ ಹಾಲಿನಂಥ ಬಿಳಿ ಜಿರಲೆ ಕಂಡೆ. ಅಪರೂಪದ್ದಾ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಅಲ್ಲ. ಆಗಷ್ಟೇ ಪೊರೆ ಬಿಟ್ಟ ಮಾಮೂಲಿ ಜಿರಲೆ. ಕೆಲವು ಗಂಟೆಗಳಲ್ಲಿ ಮೈ ಗಟ್ಟಿಯಾಗಿ ಕಂದು ಬಣ್ಣಕ್ಕೆ ಬರುತ್ತದೆ.

ಪ್ರಶ್ನೆ: ರೇಷ್ಮೆ ಸಾಕಿದ್ದೇವೆ. ಜ್ವರಕ್ಕೆ (ಪೊರೆ ಬಿಡಲು) ಸರಿಯಾಗಿ ಕೂರದೆ ಹಿಂದೆ ಬಿದ್ದ ಹುಳುಗಳನ್ನು ಕೋಳಿಗೆ ಹಾಕಬಹುದಾ?
– ಓದುಗರು, ಮಳವಳ್ಳಿ

ಉತ್ತರ: ಒಳ್ಳೆಯ ಹುಳ ಆಗಿದ್ದರೆ ಕೋಳಿಗೆ ಹಬ್ಬವೇ. ಹಿಂದೆ ಬಿದ್ದದ್ದು ಬೇಡ. ಅವು ಹಿಂದೆ ಬೀಳುವುದು ಬಹಳ ಸಲ ರೋಗ ತಗುಲಿ, ಹಾಲುತೊಂಡೆಯೋ ಗಂಟು ರೋಗವೋ ಇರಬಹುದು. ಕೋಳಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಆ ರೋಗದ ಕಣಗಳು ಕೋಳಿ ಹೊಟ್ಟೆಯಲ್ಲಿ ಸಾಯದೆ ಹಿಕ್ಕೆಯಲ್ಲಿ ಹೊರಬರುತ್ತವೆ, ಕೋಳಿ ಮೇಯುವುದು ಹುಳು ಮನೆಯ ಬಾಗಿಲಲ್ಲೇ, ಕಾಲಿಗೆ ಮೆತ್ತಿಕೊಂಡು ಒಳಗೆ ಹೋಗುವವರು ನೀವೇ. ಮುಂದಿನ ಬೆಳೆ ಕೈಕೊಟ್ಟಾಗ ರೇಷ್ಮೆ ಮೊಟ್ಟೆ ಸರಿ ಇಲ್ಲ ಅಂತ ಬೈದರೆ ಏನು ಬಂತು? ಅಂಥ ಹುಳುಗಳನ್ನು ಆರಿಸಿ ಸುಣ್ಣ ಅಥವಾ ಬ್ಲೀಚಿಂಗ್ ಪುಡಿ ಹಾಕಿ ದೂರದಲ್ಲಿ ಹೂತುಬಿಡಿ. ಕೋಳಿಗೆ ಕೊಡಲೇಬೇಕು ಅಂದರೆ ನೂಲು ತೆಗೆಯುವ ಘಟಕದಲ್ಲಿ ಗೂಡು ಬೇಯಿಸಿ ಉಳಿದ ಪ್ಯೂಪ (ಗೂಡಿನೊಳಗಿನ ಹುಳ) ತನ್ನಿ. ಅದರಲ್ಲಿ ಕೊಬ್ಬು ಜಾಸ್ತಿ, ಬೇಗ ಕಮಟು ವಾಸನೆ ಬರುತ್ತದೆ, ಚೆನ್ನಾಗಿ ಒಣಗಿಸಿ.

ಪ್ರಶ್ನೆ: ಮಳೆ ಬಂದ ರಾತ್ರಿ ಬೀದಿ ದೀಪದ ಕೆಳಗೆ ಅಂಗೈ ಅಗಲದ ಜಿರಲೆ! ನಮ್ಮ ಮನೆ ನಾಲೆ ಪಕ್ಕ. ಮೀನಿನ ತೊಟ್ಟಿಗೆ ಬಿಡಲಾ?
– ಓದುಗರು, ಮಂಡ್ಯ

ಉತ್ತರ: ಬಿಟ್ಟೀರಾ ಮತ್ತೆ! ಅದು ಜಿರಲೆ ಅಲ್ಲ, ದೈತ್ಯ ನೀರುತಿಗಣೆ. ಗದ್ದೆ, ಕೆರೆಗಳಲ್ಲಿದ್ದು ರಾತ್ರಿ ದೀಪಕ್ಕೆ ಹಾರಿ ಬರುತ್ತದೆ. ಮುಂಗಾಲು ಕೊಕ್ಕೆಯಂತಿವೆ, ಬಾಯಿ ಚೂಪು ಕೊಳವೆ. ಮೀನು, ಗೊದಮೊಟ್ಟೆ ಹಿಡಿದು ರಸ ಹೀರುವುದೇ ಅದರ ಕಸುಬು. ಕೈಯಲ್ಲಿ ಹಿಡಿದರೆ ಜೋರಾಗಿ ಚುಚ್ಚುತ್ತದೆ, ಪೊರಕೆಯಲ್ಲಿ ಮೆಲ್ಲಗೆ ನಾಲೆ ಕಡೆ ತಳ್ಳಿ.