ಪುಟ್ಟ ಕ್ಯಾಮೆರಾಕ್ಕೆ ಮ್ಯಾನುಯಲ್ ಯಾಕೆ?

ಪ್ರಶ್ನೆ: ನನ್ನ ಹತ್ತಿರ ಜೇಬಿನಲ್ಲಿ ಹಿಡಿಸುವ ಡಿಜಿಟಲ್ ಕ್ಯಾಮೆರಾ ಇದೆ. ಡಯಲ್ ಮೇಲೆ ಪಿ, ಎ, ಎಸ್, ಎಂ ಅಂತ ಅಕ್ಷರಗಳಿವೆ. ‘ಎ’ಯಲ್ಲಿಟ್ಟು ಅಪರ್ಚರನ್ನು (ಲೆನ್ಸಿನ ಬೆಳಕಿನ ಕಿಂಡಿಯನ್ನು) ಎಫ್/2.8ಕ್ಕೆ ತೆರೆದರೂ ಹಿನ್ನೆಲೆ ಮಸುಕಾಗುವುದಿಲ್ಲ. ಚಿಕ್ಕ ಕ್ಯಾಮೆರಾದಲ್ಲಿ ಇವೆಲ್ಲ ಸುಮ್ನೆ ಅನ್ನುತ್ತಾರೆ ಗೆಳೆಯರು. ಆಟೋದಲ್ಲೇ ಇಟ್ಟುಬಿಡಲೇ?

ಉತ್ತರ: ಅಪರ್ಚರ್ ಮಟ್ಟಿಗೆ ನಿಮ್ಮ ಗೆಳೆಯರ ಮಾತು ನಿಜ. ಇಂಥ ಬಹಳಷ್ಟು ಕ್ಯಾಮೆರಾಗಳ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಅಗಲ ಸುಮಾರು 6 ಮಿಲಿಮೀಟರ್ ಅಷ್ಟೇ. ಹಳೆಯ ಫಿಲ್ಮ್ ರೋಲಿನ ಒಂದು ಫ್ರೇಮ್ 36 ಮಿಲಿಮೀಟರ್ ಅಗಲ ಇರುತ್ತಿತ್ತು. ಸೆನ್ಸರ್ ಪುಟ್ಟದಾದರೆ ಲೆನ್ಸಿನ ಫೋಕಲ್ ಲೆಂಗ್ತೂ (ಲೆನ್ಸಿನಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ) ಪುಟ್ಟದು. ಅದು ಪುಟ್ಟದಾದಷ್ಟೂ ಹಿನ್ನೆಲೆ ಮಸುಕಾಗುವುದು ಕಡಿಮೆ. ಹಾಗಾಗಿ ನಿಮ್ಮ ಎಫ್/2.8ರಲ್ಲಿ ಹಿನ್ನೆಲೆ ಕಾಣುವುದು ಫಿಲ್ಮ್ ಕ್ಯಾಮೆರಾದಲ್ಲಿ ಎಫ್/16 ಇಟ್ಟಷ್ಟು ಸ್ಪಷ್ಟವಾಗಿ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು, ಹಿನ್ನೆಲೆ ಸ್ಪಷ್ಟ). ನಿಮ್ಮ ತಪ್ಪೇನಿಲ್ಲ. ಎಫ್/8ಕ್ಕೆ ಕಿರಿದು ಮಾಡಿದರೂ ಲಾಭವಿಲ್ಲ. ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಂಡು ಚಿತ್ರದ ಚೂಪು ಹೋಗುತ್ತದೆ.

ಆದರೆ ಉಳಿದವುಗಳನ್ನು ದಯವಿಟ್ಟು ಬಿಡಬೇಡಿ.

ನನ್ನ ತಂಗಿಯ ಮಗಳು ಮೊದಲ ಸಲ ವೇದಿಕೆ ಮೇಲೆ ಕುಣಿದಾಗ ನನ್ನ ಕೈಯಲ್ಲಿದ್ದದ್ದು ನಿಮ್ಮಂಥದೇ ಕ್ಯಾಮೆರಾ. ಹಿಂದೆ ಕಪ್ಪು ಪರದೆ. ಆಟೋದಲ್ಲಿ ತೆಗೆದ ಚಿತ್ರಗಳಲ್ಲೆಲ್ಲ ಅವಳ ಮುಖ ಸುಣ್ಣ ಬಳಿದಂತೆ ಬೆಳ್ಳಗೆ, ಕೈಗಳು ಹೊಗೆಯಂತೆ ಕದಡಿಹೋಗಿದ್ದವು. ಕ್ಯಾಮೆರಾಕ್ಕೆ ಅದು ಮಗು ಅಂತ ಗೊತ್ತಿಲ್ಲ, ಅಲ್ವಾ? ಎದುರಿಗಿರುವುದು ಏನೇ ಆಗಲಿ, ಅದನ್ನು ಕಪ್ಪು-ಬಿಳಿಗಳ ನಡುವಿನ ಬೂದು ಮಟ್ಟಕ್ಕೆ ತರಲು ಅದು ನೋಡುತ್ತದೆ. ಕಪ್ಪು ಪರದೆ ಜಾಸ್ತಿ ಕಂಡಿತು, ಬೆಳಕು ಸುರಿಯಿತು. ಚಿತ್ರದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಪ್ಲಸ್-ಮೈನಸ್ ಗುಂಡಿ ಒತ್ತಿ ಮೈನಸ್ 1ಕ್ಕೆ ತಂದೆ. ಮುಖ ಮರಳಿ ಬಂತು. ಬೆಳಕು ಒಳಬರುವ ಸಮಯವನ್ನು ನಾವೇ ಆರಿಸುವ ‘ಎಸ್’ಗೆ ತಿರುಗಿಸಿ 1/250 ಸೆಕೆಂಡ್ ಇಟ್ಟೆ. ಬೆರಳುಗಳ ಮುದ್ರೆ ಕಾಣಿಸಿತು.

ಆಮೇಲೆ ಬಿಳಿ ಬಟ್ಟೆ ತೊಟ್ಟ ಮಕ್ಕಳ ಗುಂಪು ಬಂತು. ಈಗ ಕ್ಯಾಮೆರಾದ ಲೆಕ್ಕ ಪೂರ್ತಿ ಉಲ್ಟಾ, ಚಿತ್ರ ಕತ್ತಲಾಗತೊಡಗಿತು. ‘ಎಂ’, ಅಂದರೆ ಎಲ್ಲವನ್ನೂ ನಾವೇ ನಿಗದಿ ಮಾಡುವ ಮ್ಯಾನುಯಲ್, ಬೇಕಾಗುವುದು ಇಲ್ಲೇ. ದೀಪಗಳು ಬದಲಾಗಿರಲಿಲ್ಲ, ಬದಲಾಗಿದ್ದು ಬಟ್ಟೆ ಮಾತ್ರ. ಅಪರ್ಚರ್ ಪೂರ್ತಿ ತೆರೆದು, 1/250, ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ 800 ಅಂತ ಕಟ್ಟಿಹಾಕಿದೆ. ಕೊನೆಯವರೆಗೆ ಮತ್ತೆ ಮುಟ್ಟಲಿಲ್ಲ. ಐಎಸ್‌ಒ 800ರಲ್ಲಿ ಪುಟ್ಟ ಸೆನ್ಸರ್ ಚಿತ್ರವನ್ನು ಸ್ವಲ್ಪ ಮರಳುಮರಳು ಮಾಡುತ್ತದೆ, ನಿಜ. ಅವಳ ಕಣ್ಣು ಸ್ಪಷ್ಟವಾಗಿ ಸಿಕ್ಕಿತಲ್ಲ, ನನಗೆ ಅದು ಸಾಕಿತ್ತು.

ಆದ್ದರಿಂದ ಆಟೋ ಬೇಡ, ‘ಪಿ’ಯಲ್ಲಿಡಿ. ಅನೇಕ ಕ್ಯಾಮೆರಾಗಳಲ್ಲಿ ಪೂರ್ತಿ ಆಟೋಗೆ ಹೋದರೆ ಪ್ಲಸ್-ಮೈನಸ್ ಕೆಲಸ ಮಾಡುವುದಿಲ್ಲ. ‘ಪಿ’ಯಲ್ಲಿ ಉಳಿದದ್ದನ್ನೆಲ್ಲ ಕ್ಯಾಮೆರಾ ನೋಡಿಕೊಳ್ಳುತ್ತದೆ, ಈ ಗುಂಡಿ ನಿಮ್ಮ ಹೆಬ್ಬೆರಳಿಗೆ ಸಿಗುತ್ತದೆ. ಮಕ್ಕಳು ಓಡುವಾಗ ‘ಎಸ್’. ನೀರಿನ ಧಾರೆ ರೇಷ್ಮೆಯಂತೆ ಕಾಣಬೇಕಾದರೂ ‘ಎಸ್’ನಲ್ಲೇ ಅರ್ಧ ಸೆಕೆಂಡ್ ಇಟ್ಟು, ಕ್ಯಾಮೆರಾವನ್ನು ಕಲ್ಲಿನ ಮೇಲೆ ಕೂರಿಸಿ, 2 ಸೆಕೆಂಡಿನ ಟೈಮರ್ ಹಾಕಿ. ಬಿಸಿಲು ಜಾಸ್ತಿಯಿದ್ದರೆ ಇದು ಆಗದು, ಮೋಡ ಬರಲಿ ಅಂತ ಕಾಯಿರಿ.

ಇನ್ನು ಮಸುಕಾದ ಹಿನ್ನೆಲೆ ಬೇಕೇ ಬೇಕು ಅಂದರೆ ಕ್ಲೋಸಪ್‌ಗೆ ಹಾಕಿ ಹೂವಿನ ಹತ್ತಿರ, ಒಂದು ಗೇಣಿಗಿಂತ ಹತ್ತಿರ, ಹೋಗಿ ನೋಡಿ. ಅಲ್ಲಿ ನಿಮ್ಮ ಎಫ್/2.8 ಕೂಡ ಕೆಲಸ ಮಾಡುತ್ತದೆ.